ಕುಂತಲ್ಲೇ ಓಡೋ ಗಾಡಿ

ಮೇ ತಿಂಗಳ ಹತ್ತೊಂಬತ್ತು. ಇಂಡಿಯ ಮದುವಿ,
ಮೂರು ತಾಸಿನ ವಿಡಿಯೋ.
ನೂರಕ್ಕ ಎಪ್ಪತ್ತೊಂದರಾಗ ನಿಂತು
ಪರದೆ ಕರ್ರಗಾತು.
ಅಕ್ಕಿಕಾಳು ಗಾಳಿಯಾಗೇ ಉಳದ್ವು,
ಮದುಮಗಳ ತಲಿ ಮ್ಯಾಲ ಬೀಳಲಿಲ್ಲ.

ಡಬ್ಬಿ ಮುಟ್ಟಿದ್ರ ರೊಟ್ಟಿ ಹಂಚು.
ಪಂಪು ಇನ್ನಾ ಮಿಡಿತೈತಿ,
ತಾಮ್ರದ ಬ್ಲಾಕು ಗಟ್ಟಿ ಐತಿ,
ರೇಡಿಯೇಟರು ಮಾತ್ರ ಮೂಲ್ಯಾಗ ಹನಿ ಹನಿ,
ಅಳೋದನ್ನ ಮುಚ್ಚಿಟ್ಟುಕೊಂಡವರ ಹಂಗ.

ಮದುವಿ ಕಾರ್ಡಿನ ಬೆನ್ನಮ್ಯಾಲ ಎರಡು ರಾತ್ರಿ ಲೆಕ್ಕ:
ಮೂರು ಫ್ಯಾನಿನದು ಏಳು ಸಾವಿರದ ಎರಡನೂರು,
ಇಂಡಿಯವರು ಕೊಟ್ಟ ಮುಂಗಡ ಐದು.
ಎರಡು ಫ್ಯಾನಿನದು ಎರಡು ಸಾವಿರದ ನೂರು,
ಅಲ್ಯೂಮಿನಿಯಮ್ಮು, ಚಿತ್ರದಾಗ ಛಂದ.
ಛಂದ ಅನ್ನೋದಕ್ಕ ನಾನೇ ದುಡ್ಡು ಎಣಿಸಿಕೊಳ್ಳಾಕಿ,
ಅದಕ್ಕ ನಂಬಲಿಲ್ಲ.

ಮನಗೂಳಿ ಅಗಸಿ ಆಚೆ ದಾವಲಸಾಬನ ಅಂಗಡಿ.
ಟ್ರ್ಯಾಕ್ಟರು, ಲಾರಿ, ಟೆಂಪೋಗಳ ಎದಿಗೂಡು
ಗ್ವಾಡಿಗೆ ಆನಿಸಿ ನಿಂತಾವ.
"ಗಾಡಿ ಯಾವದು, ತಂಗಿ?"
"ಗಾಡಿ ಅಲ್ಲ ಕಾಕಾ, ಕಂಪ್ಯೂಟರು."
"ಎಷ್ಟು ಓಡೈತಿ?"
"ಕುಂತಲ್ಲೇ ಓಡತೈತಿ."
ಅವ ನಗಲಿಲ್ಲ.
"ಕುಂತ ಗಾಡೀನೇ ಜಾಸ್ತಿ ಕಾಯತಾವ," ಅಂದ,
"ಎದುರಿಂದ ಗಾಳಿ ಬರಂಗಿಲ್ಲಲ್ಲ."

ಫೋನಿನಾಗಿನ ಚಿತ್ರ ತೋರಿಸಿದ್ನಿ.
ಕನ್ನಡಕ ಹಣಿಗೇರಿಸಿ ನೋಡಿದ:
"ನಿನ್ನ ಬ್ಲಾಕು ತಾಮ್ರ, ಇದು ಅಲ್ಯೂಮಿನಿಯಮ್ಮು.
ಒಂದ ನೀರಾಗ ಎರಡೂ ಇಟ್ಟಿ ಅಂದ್ರ
ಒಂದನ್ನ ಇನ್ನೊಂದು ತಿಂತೈತಿ, ಸದ್ದಿಲ್ಲದ.
ಮತ್ತ ಈ ರೆಕ್ಕಿ ನೋಡು, ಹೇನಿನ ಹಣಿಗಿ ಹಂಗ ಒತ್ತೊತ್ತು.
ನಮ್ಮೂರ ಧೂಳು ಸಿಗಿಬಿದ್ರ ಗಾಳಿ ಎಲ್ಲಿ ಹಾದೀತು?
ಅಗಲ ಹಲ್ಲಿಂದು ತಗೋ.
ಫ್ಯಾನು ಮೆಲ್ಲಗ ತಿರುಗಿದ್ರೂ ನಡಿತೈತಿ, ಗದ್ದಲ ಇಲ್ಲ."

ಮೋಡಕಾ ರಾಶಿಯೊಳಗ ಮೊಣಕೈತನಕ ಕೈ ಹಾಕಿ
ಒಂದು ಎಳದ. ಅಂಗೈ ಎರಡು ಅಗಲ.
"ಸಣ್ಣ ಕಾರಿನ ಹೀಟರು.
ಬಿಜಾಪುರದಾಗ ಹೀಟರು ಯಾರು ಹಚ್ಚತಾರ?
ಹುಟ್ಟಿದಾಗಿಂದ ಒಂದು ದಿನಾನೂ ದುಡದಿಲ್ಲ ಇದು.
ಹಿತ್ತಾಳಿ ಕೊಳವಿ, ತಾಮ್ರದ ರೆಕ್ಕಿ. ಆರನೂರಾ ಐವತ್ತು."

ಒಂದು ಬಾಯಿ ಬೆರಳಿಲೆ ಮುಚ್ಚಿ, ಇನ್ನೊಂದಕ್ಕ ಗಾಳಿ ಕೊಟ್ಟು
ಟಬ್ಬಿನಾಗ ಮುಳುಗಿಸಿದ.
ಇಬ್ಬರೂ ಉಸಿರು ಹಿಡದು ನೋಡಿದ್ವಿ.
ಒಂದು ಗುಳ್ಳಿ. ಸಾಸಿವಿಯಷ್ಟು.
ಬೆಸಿಗಿ ಹಾಕಿ ಮತ್ತ ಮುಳುಗಿಸಿದ.
ನೀರು ಸುಮ್ನ ಇತ್ತು.

ಟಂಟಂನಾಗ ತೊಡಿಮ್ಯಾಲ ಇಟ್ಟುಕೊಂಡು ಬಂದ್ನಿ.
ಹಾದಿಯಾಗ ಹಳೇ ನೀರಗೋಪುರ,
ನೆಲದೊಳಗಿನ ನೀರಿಗೆ
ಒಂದೀಟು ನಿಂತು ಉಸಿರಾಡಾಕ ಕಟ್ಟಿದ್ದು,
ಈಗ ಪಾರಿವಾಳ ತುಂಬ್ಯಾವ.

ಅವ್ವನ ಕೊಡ ತಿಕ್ಕೋ ಹುಣಸಿಹುಳಿ ತೆಳ್ಳಗ ಮಾಡಿ
ಒಳಗ ಸುರುವಿ ತೊಳದ್ನಿ. ಹಸರು ನೀರು ಬಂತು, ಆಮ್ಯಾಲ ಕಂದು,
ಆಮ್ಯಾಲ ಬರೇ ನೀರು.
ನಳದ ನೀರು ಬ್ಯಾಡ, ಸುಣ್ಣ ಕಟ್ಟತೈತಿ;
ಎರಡು ಡಬ್ಬಿ ಬ್ಯಾಟರಿ ನೀರು, ಎಂಬತ್ತು ರೂಪಾಯಿ.
ನಟ್ಟನಡು ರಾತ್ರಿ ನೂರಕ್ಕ ನೂರು.
ಮದುಮಗಳ ತಲಿಮ್ಯಾಲ ಅಕ್ಕಿ ಬಿತ್ತು.

ಬರೋವಾಗ ದಾವಲಸಾಬ ಅಂದಿದ್ದ:
"ಇದು ತಂಪು ಹುಟ್ಟಸಂಗಿಲ್ಲ, ತಂಗಿ.
ಬಿಸಿ ಎತ್ತಿ ಆಕಡೆ ಒಗಿತೈತಿ, ಅಷ್ಟ.
ಎಲ್ಲಿ ಒಗಿಬೇಕು, ನೀನ ನೋಡಿಕೋ."
ಮದಲು ನನ್ನ ಕಾಲಿಗೇ ಬಡೀತು.
ಕಿಟಕಿ ಕಟ್ಟಿಗೆ ಒಯ್ದಿಟ್ಟೆ, ಮುಖ ಓಣಿ ಕಡೆ.

ಮರುದಿನ ಎದುರ ಮನಿ ನೀಲವ್ವ:
"ಏನಬೇ ನಿನ್ನ ಪೆಟಿಗಿ ಝಳ,
ಸೀದಾ ನಮ್ಮ ತೊಟ್ಟಲಕ್ಕ ಬರ್ತೈತಿ!"
ಎರಡು ಇಟ್ಟಂಗಿ ಕೊಟ್ಟು
ಮುಖ ಮ್ಯಾಲ ಮಾಡಿದ್ನಿ.

ಛತ್ತಿನ ಮ್ಯಾಲ ಮಲಗವರನ್ನ
ಇನ್ನಾ ಕೇಳಿಲ್ಲ.